ನೈರೋಬಿ: ಕೆಲಸಕ್ಕೆ ಬನ್ನಿ, ಉಳಿಯಬೇಡಿ ಎಂದ ಊರು

2024ರ ಏಪ್ರಿಲ್ ಕೊನೆಯಲ್ಲಿ ಕೆನ್ಯಾದ ರಾಜಧಾನಿ ನೈರೋಬಿಯಲ್ಲಿ ಮಥಾರೆ ಹೊಳೆ ದಡ ಮೀರಿ ಹರಿಯಿತು. ದಡದ ತಗಡಿನ ಮನೆಗಳು ರಾತ್ರೋರಾತ್ರಿ ನೀರು ಪಾಲಾದವು. ಆ ಮಳೆಗಾಲದಲ್ಲಿ ಇಡೀ ದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನೀರು ಪೂರ್ತಿ ಇಳಿಯುವ ಮೊದಲೇ ಸರ್ಕಾರದ ಆದೇಶ ಬಂತು: ಹೊಳೆಯಿಂದ 30 ಮೀಟರ್ ಒಳಗಿರುವವರು ಜಾಗ ಖಾಲಿ ಮಾಡಬೇಕು. ಮೇ ತಿಂಗಳಲ್ಲಿ ಮಥಾರೆ, ಮುಕುರು ಕೊಳೆಗೇರಿಗಳಿಗೆ ಜೆಸಿಬಿಗಳು ನುಗ್ಗಿದವು. ಮನೆ ಕಳೆದುಕೊಂಡ ಕುಟುಂಬಕ್ಕೆ 10,000 ಶಿಲ್ಲಿಂಗ್ ಕೊಡುತ್ತೇವೆ ಎಂದು ಅಧ್ಯಕ್ಷ ವಿಲಿಯಂ ರೂಟೋ ಹೇಳಿದರು.

ದೂರದಿಂದ ಸುದ್ದಿ ಓದುವವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಹೊಳೆ ಪಕ್ಕದಲ್ಲಿ ಯಾಕೆ ಮನೆ ಕಟ್ಟಿಕೊಂಡರು? ಕೇಳುವುದು ಸುಲಭ. ಆದರೆ ಅವರಿಗೆ ಬೇರೆ ಜಾಗ ಯಾವತ್ತು ಇತ್ತು ಅಂತ ನೋಡಬೇಕಾದರೆ, ಊರು ಹುಟ್ಟಿದ ಕಾಲಕ್ಕೇ ಹೋಗಬೇಕು. ಅದೇನೂ ಬಹಳ ಹಿಂದಿನ ಕಾಲವಲ್ಲ. ನೈರೋಬಿಯ ವಯಸ್ಸು ಬರೀ 125 ವರ್ಷ ಚಿಲ್ಲರೆ.

ರೈಲಿಗಾಗಿ ಹುಟ್ಟಿದ ಊರು

1896ರಲ್ಲಿ ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಳಿ ಹಾಕಲು ಶುರು ಮಾಡಿದರು. ಕೆಲಸಕ್ಕೆ ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರಾರಿನ ಮೇಲೆ ಕರೆದೊಯ್ದರು. ಹೆಚ್ಚಿನವರು ಪಂಜಾಬಿನವರು, ಕರಾಚಿಯಲ್ಲಿ ಹಡಗು ಹತ್ತಿದವರು. ಅವರಲ್ಲಿ ಸುಮಾರು 2,500 ಮಂದಿ ವಾಪಸ್ ಬರಲೇ ಇಲ್ಲ, ಅಲ್ಲೇ ಸತ್ತರು. ಹಳಿ ಹಾದುಹೋದ ತ್ಸಾವೋದ ನರಭಕ್ಷಕ ಸಿಂಹಗಳ ಕಥೆ ಎಲ್ಲರೂ ಕೇಳಿರುತ್ತಾರೆ. ಆದರೆ ಸಿಂಹಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಜನರನ್ನು ಕೊಂದದ್ದು ಜ್ವರ ಮತ್ತು ಭೇದಿ. ಅದರ ಮೇಲೆ ಯಾರೂ ಸಿನಿಮಾ ಮಾಡಲಿಲ್ಲ.

1899ರ ಮೇ 30ರಂದು ಹಳಿ ಈಗಿನ ನೈರೋಬಿಯ ಜಾಗ ಮುಟ್ಟಿತು. ಮೊಂಬಾಸಾದಿಂದ ಸುಮಾರು 327 ಮೈಲಿ. ಅಲ್ಲಿಂದ ಮುಂದೆ ರಿಫ್ಟ್ ಕಣಿವೆಯ ಅಂಚಿನವರೆಗೂ ಕಡಿದಾದ ಏರು. ಆ ಏರು ಹತ್ತುವ ಮೊದಲು ಸಿಗುವ ಕೊನೆಯ ಸಮತಟ್ಟು ಜಾಗ ಇದೇ. ಎಂಜಿನ್ ನಿಲ್ಲಿಸಲು, ರಿಪೇರಿ ಶೆಡ್ ಹಾಕಲು, ಸಾಮಾನು ಪೇರಿಸಲು ಚೆನ್ನಾಗಿತ್ತು. ಪಕ್ಕದಲ್ಲೇ ಹೊಳೆ ನೀರು. ರೈಲ್ವೆಯವರು ಅಷ್ಟು ಮಾತ್ರ ನೋಡಿದರು. ಇಲ್ಲೊಂದು ಊರು ಆಗುತ್ತದೆ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ಮಸಾಯಿಗಳು ದನಗಳಿಗೆ ನೀರು ಕುಡಿಸಲು ಬರುತ್ತಿದ್ದ ಜೌಗು ನೆಲ ಅದು.

ನೆಲದ ಬಗ್ಗೆ ಸ್ವಲ್ಪ ಹೇಳಲೇಬೇಕು. ಮುಂದಿನ ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ನೈರೋಬಿಯ ಪಶ್ಚಿಮಕ್ಕೆ ಎತ್ತರದ ದಿಣ್ಣೆಗಳು, ಕೆಂಪು ಮಣ್ಣು, ಮರಗಿಡ, ತಂಪು ಗಾಳಿ. ಪೂರ್ವಕ್ಕೆ ಹೋದಂತೆ ನೆಲ ಇಳಿಯುತ್ತಾ ಬಯಲಾಗುತ್ತದೆ, ಮಣ್ಣು ಕಪ್ಪಾಗುತ್ತದೆ. ನಮ್ಮ ಗದಗ, ವಿಜಯಪುರದವರಿಗೆ ಗೊತ್ತಿರುವ ಎರೆಮಣ್ಣಿನಂಥದ್ದೇ: ಮಳೆ ಬಂದರೆ ಉಬ್ಬಿ ಕಾಲಿಗೆ ಅಂಟುತ್ತದೆ, ನೀರು ಬೇಗ ಇಂಗುವುದಿಲ್ಲ. ನೈರೋಬಿ, ಮಥಾರೆ, ಎನ್ಗಾಂಗ್ ಹೊಳೆಗಳು ಪಶ್ಚಿಮದಿಂದ ಇಳಿದು ಪೂರ್ವಕ್ಕೆ ಹರಿಯುತ್ತವೆ. ದಿಣ್ಣೆಯ ಮೇಲೆ ಬಿದ್ದ ಮಳೆ, ಅಲ್ಲಿನ ಕೊಳೆ, ಎರಡೂ ಪೂರ್ವದವರ ಮನೆ ಮುಂದೆ ಹಾದೇ ಹೋಗಬೇಕು.

ಪ್ಲೇಗ್ ಎಳೆದ ಗೆರೆ

ಹೊಸ ಊರಿಗೆ ಚರಂಡಿ ಇರಲಿಲ್ಲ. ಭಾರತೀಯ ವ್ಯಾಪಾರಿಗಳ ಬಜಾರಿನಲ್ಲಿ ಅಂಗಡಿ, ಮನೆ, ಕುದುರೆ ಲಾಯ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. 1902ರಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅಧಿಕಾರಿಗಳು ಬಜಾರಿಗೇ ಬೆಂಕಿ ಇಟ್ಟರು. ಈ ಜಾಗ ಊರಿಗೆ ಲಾಯಕ್ಕಿಲ್ಲ, ಬೇರೆ ಕಡೆಗೆ ಸಾಗಿಸಿ ಅಂತ ವೈದ್ಯರು ಹೇಳಿದರು. ಆದರೆ ರೈಲ್ವೆ ಆಗಲೇ ಶೆಡ್ಡು, ಕ್ವಾರ್ಟರ್ಸ್ ಎಂದು ದುಡ್ಡು ಸುರಿದಾಗಿತ್ತು. ಯಾರೂ ಕದಲಲಿಲ್ಲ. 1905ರಲ್ಲಿ ಮೊಂಬಾಸಾದ ಬದಲು ನೈರೋಬಿಯೇ ರಾಜಧಾನಿಯಾಯಿತು.

1896ರಲ್ಲಿ ಮುಂಬೈಗೆ, 1898ರಲ್ಲಿ ಬೆಂಗಳೂರಿಗೆ ಬಂದದ್ದೂ ಇದೇ ಪ್ಲೇಗಿನ ಅಲೆ. ಬೆಂಗಳೂರಿನಲ್ಲಿ ಅದರ ನಂತರ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದವು. (ಅಲ್ಲೂ ಜಾತಿ ನೋಡಿಯೇ ಸೈಟು ಹಂಚಿದರು ಅನ್ನುವುದು ಬೇರೆ ಮಾತು.) ನೈರೋಬಿಯಲ್ಲಿ ರೋಗದ ಭಯ ಮೈಬಣ್ಣದ ಗೆರೆಯಾಯಿತು. 1913ರಲ್ಲಿ ಬ್ರಿಟಿಷ್ ಸಾರ್ವಜನಿಕ ಆರೋಗ್ಯ ತಜ್ಞ ಡಬ್ಲ್ಯು. ಜೆ. ಸಿಂಪ್ಸನ್, ಯುರೋಪಿಯನ್ನರು, ಏಷ್ಯನ್ನರು, ಆಫ್ರಿಕನ್ನರು ಬೇರೆ ಬೇರೆ ಕಡೆ ವಾಸಿಸಬೇಕು ಎಂದು ಶಿಫಾರಸು ಮಾಡಿದರು. ಕೊಟ್ಟ ಕಾರಣ ನೈರ್ಮಲ್ಯ.

ಊರು ಬೆಳೆದದ್ದೂ ಹಾಗೆಯೇ. ಪಶ್ಚಿಮ, ಉತ್ತರದ ತಂಪು ದಿಣ್ಣೆಗಳು ಬಿಳಿಯರಿಗೆ. ಪಾರ್ಕ್‌ಲ್ಯಾಂಡ್ಸ್, ಎನ್ಗಾರಾ ಸುತ್ತಮುತ್ತ ಭಾರತೀಯರು. ರೈಲ್ವೆ ಯಾರ್ಡಿನ ಆಚೆ, ಪೂರ್ವದ ಕಪ್ಪು ಮಣ್ಣಿನ ಬಯಲು ಆಫ್ರಿಕನ್ನರಿಗೆ. ಅಂದರೆ, ಅವರ ನಾಡಿನ ಊರಿನಲ್ಲಿ ಅವರಿಗೇ ತಗ್ಗಿನ ಜಾಗ.

ಕೊರಳಲ್ಲಿ ತಗಡಿನ ಡಬ್ಬಿ

ತಗ್ಗಿನ ಜಾಗವನ್ನಾದರೂ ಅವರಿಗೆ ಸ್ವಂತಕ್ಕೆ ಕೊಟ್ಟರಾ ಅಂದರೆ ಅದೂ ಇಲ್ಲ. ಇಡೀ ಇತಿಹಾಸದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಆಫ್ರಿಕನ್ನರು ಈ ಊರಿನ ನಿವಾಸಿಗಳು ಅಂತ ಬ್ರಿಟಿಷ್ ಆಡಳಿತ ಯಾವತ್ತೂ ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಆಫ್ರಿಕನ್ ಅಂದರೆ ಹಳ್ಳಿಯಿಂದ ಬಂದು, ಒಂದಷ್ಟು ದಿನ ದುಡಿದು, ಹಳ್ಳಿಗೆ ವಾಪಸ್ ಹೋಗುವ ಗಂಡಸು.

1920ರ ಹೊತ್ತಿಗೆ ಹದಿನಾರು ದಾಟಿದ ಪ್ರತಿ ಆಫ್ರಿಕನ್ ಗಂಡಸೂ ಕಿಪಾಂಡೆ ಇಟ್ಟುಕೊಳ್ಳಬೇಕಾಯಿತು. ಅದೊಂದು ಗುರುತಿನ ಚೀಟಿ. ಹೆಸರು, ಬೆರಳಚ್ಚು, ಯಾರ ಹತ್ತಿರ ಕೆಲಸ, ಎಷ್ಟು ಸಂಬಳ ಎಲ್ಲ ಅದರಲ್ಲಿರುತ್ತಿತ್ತು. ಪುಟ್ಟ ಲೋಹದ ಡಬ್ಬಿಯಲ್ಲಿ ಹಾಕಿ ಕೊರಳಿಗೆ ನೇತು ಹಾಕಿಕೊಳ್ಳಬೇಕು. ಹಳೇ ಧಣಿ ಕೆಲಸದಿಂದ ಬಿಟ್ಟೆ ಎಂದು ಸಹಿ ಹಾಕದಿದ್ದರೆ ಹೊಸ ಕೆಲಸ ಸಿಗದು. ಇದರ ವಿರುದ್ಧ ದನಿ ಎತ್ತಿದ ಹ್ಯಾರಿ ಥುಕು ಅವರನ್ನು 1922ರ ಮಾರ್ಚ್‌ನಲ್ಲಿ ಬಂಧಿಸಿದರು. ಪೊಲೀಸ್ ಠಾಣೆ ಎದುರು ಸೇರಿದ ಜನರ ಮೇಲೆ ಗುಂಡು ಹಾರಿತು. ಮುಂದೆ ನಿಂತು ಗಂಡಸರನ್ನು ಹುರಿದುಂಬಿಸಿದ ಮೇರಿ ಮುತೋನಿ ನ್ಯಂಜಿರು ಸತ್ತವರಲ್ಲಿ ಒಬ್ಬರು.

ಮನೆಗಳ ವಿಷಯಕ್ಕೂ ಇದೇ ಲೆಕ್ಕ. 1920ರ ದಶಕದಲ್ಲಿ ಪುಮ್ವಾನಿ ಎಂಬ ಆಫ್ರಿಕನ್ ಬಡಾವಣೆ ಬಂತು. ರೈಲ್ವೆ ಮತ್ತು ನಗರಸಭೆ ಕಟ್ಟಿದ ಕ್ವಾರ್ಟರ್ಸ್‌ಗಳಲ್ಲಿ ಒಂದೊಂದು ಕೋಣೆಗೆ ಹಲವು ಗಂಡಸರು, ತಲಾ ಒಂದು ಮಂಚದ ಜಾಗ. ಹೆಂಡತಿ ಮಕ್ಕಳು ಹಳ್ಳಿಯಲ್ಲಿ ಹೊಲ ನೋಡಿಕೊಂಡಿರುತ್ತಾರಲ್ಲ, ಸಂಸಾರಕ್ಕೆ ಮನೆ ಯಾಕೆ? ಸಂಬಳವೂ ಒಂಟಿ ಗಂಡಸಿನ ಹೊಟ್ಟೆಗೆ ಆಗುವಷ್ಟೇ. ಕಲೋಲೆನಿಯಂಥ ಸಂಸಾರಸ್ಥರ ಬಡಾವಣೆ ಬಂದದ್ದು 1940ರ ದಶಕದಲ್ಲಿ. ಅದು ಬೇಡಿಕೆಯ ಒಂದು ಮೂಲೆಗೂ ಸಾಲಲಿಲ್ಲ.

ಜನ ಮಾತ್ರ ಬರುತ್ತಲೇ ಇದ್ದರು. 1906ರಲ್ಲಿ ಹನ್ನೊಂದು ಸಾವಿರದಷ್ಟಿದ್ದ ಜನಸಂಖ್ಯೆ 1948ಕ್ಕೆ 1 ಲಕ್ಷ 19 ಸಾವಿರ ಮುಟ್ಟಿತು. 1950ರ ಮಾರ್ಚ್‌ನಲ್ಲಿ ಲಂಡನ್ನಿನಿಂದ ರಾಜಮನೆತನದ ಸನ್ನದು ಬಂದು ನೈರೋಬಿ ಅಧಿಕೃತವಾಗಿ ಮಹಾನಗರವಾಯಿತು. ಬಿಳಿಯರು ಮೆರವಣಿಗೆ ಮಾಡಿದರು. ಈ ಮಹಾನಗರ ಯಾರದ್ದು ಅಂತ ಕಾರ್ಮಿಕ ಸಂಘಗಳು ಕೇಳಿದವು, ಸಂಭ್ರಮ ಬಹಿಷ್ಕರಿಸಿದವು. ಮುಂದಾಳು ಮಖನ್ ಸಿಂಗ್, ಪಂಜಾಬಿನಲ್ಲಿ ಹುಟ್ಟಿ ನೈರೋಬಿಯಲ್ಲಿ ಬೆಳೆದವರು. ಮೇ ತಿಂಗಳಲ್ಲಿ ಅವರನ್ನು ಹಿಡಿದಾಗ ಊರೇ ಮುಷ್ಕರ ಹೂಡಿತು. ಅವರು ಬಿಡುಗಡೆಯಾದದ್ದು 1961ರಲ್ಲಿ.

1954ರ ಏಪ್ರಿಲ್ 24ರಂದು, ಬ್ರಿಟಿಷರ ವಿರುದ್ಧದ ಮಾವ್ ಮಾವ್ ಹೋರಾಟದ ನಡುವೆ, ಸೈನ್ಯ ಊರನ್ನೇ ಸುತ್ತುವರಿಯಿತು. ಆಪರೇಷನ್ ಆನ್ವಿಲ್ ಎಂದು ಅದಕ್ಕೆ ಹೆಸರು. ಮನೆ ಮನೆ ಜಾಲಾಡಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ಶಿಬಿರಗಳಿಗೆ ತುಂಬಿದರು. ಹೆಚ್ಚಿನವರು ಕಿಕುಯು ಜನ. ಮಥಾರೆಯ ಗುಡಿಸಲುಗಳನ್ನು ಆಗಲೂ ಕೆಡವಿದ್ದರು. ಮಥಾರೆ ಮೂಲದಲ್ಲಿ ಕಲ್ಲು ಕ್ವಾರಿ ಇದ್ದ ಜಾಗ. ಊರಿನ ದೊಡ್ಡ ಕಟ್ಟಡಗಳಿಗೆ ಕಲ್ಲು ಕೊಟ್ಟ ಹೊಂಡದ ಪಕ್ಕದಲ್ಲೇ, ಕಲ್ಲು ಒಡೆದವರು ಗುಡಿಸಲು ಹಾಕಿಕೊಂಡದ್ದು.

ಧ್ವಜ ಬದಲಾಯಿತು

1963ರಲ್ಲಿ ಸ್ವಾತಂತ್ರ್ಯ ಬಂತು. ಊರಿನ ಗಡಿ ಸುಮಾರು 690 ಚದರ ಕಿಲೋಮೀಟರಿಗೆ ಹಿಗ್ಗಿತು. ಹಳ್ಳಿಯಲ್ಲಿ ಜಮೀನಿಲ್ಲದವರು, ಕೆಲಸ ಬೇಕಾದವರು, ಇಷ್ಟು ದಿನ ಹಳ್ಳಿಯಲ್ಲೇ ಉಳಿದಿದ್ದ ಹೆಂಡತಿ ಮಕ್ಕಳು, ಎಲ್ಲರೂ ಬಂದರು. 1969ರ ಜನಗಣತಿಯಲ್ಲಿ 5 ಲಕ್ಷ. 1989ರಲ್ಲಿ 13 ಲಕ್ಷ. 2009ರಲ್ಲಿ 31 ಲಕ್ಷ. 2019ರಲ್ಲಿ 44 ಲಕ್ಷ. ಐವತ್ತೇ ವರ್ಷದಲ್ಲಿ ಎಂಟು ಪಟ್ಟಿಗೂ ಹೆಚ್ಚು.

ಹಳೇ ಗೆರೆಗಳನ್ನು ಮಾತ್ರ ಯಾರೂ ಅಳಿಸಲಿಲ್ಲ. ಮುಥೈಗಾ, ಕರೆನ್, ಲ್ಯಾವಿಂಗ್ಟನ್‌ನ ಬಂಗಲೆಗಳಿಗೆ ಹೊಸ ಮಂತ್ರಿಗಳು, ದೊಡ್ಡ ಅಧಿಕಾರಿಗಳು, ವಿದೇಶಿ ರಾಯಭಾರಿಗಳು ಬಂದು ಕೂತರು. ಬಿಳಿಯರ ಕಾಲದ ಕಟ್ಟಡ ನಿಯಮಗಳು ಹಾಗೇ ಉಳಿದವು. ಆ ನಿಯಮದ ಪ್ರಕಾರ ಬಡವನೊಬ್ಬ ಮನೆ ಕಟ್ಟುವುದು ಸಾಧ್ಯವೇ ಇರಲಿಲ್ಲ. ನಿಯಮ ಮೀರಿ ಕಟ್ಟಿದರೆ ನಗರಸಭೆಯ ಆಸ್ಕರಿಗಳು, ಅಂದರೆ ಕಾವಲುಪಡೆಯವರು, ಬಂದು ಕೆಡವುತ್ತಿದ್ದರು. ಕೆಡವಿದ ಮೇಲೆ ಜನ ಹೋಗುತ್ತಿದ್ದದ್ದು ಯಾರೂ ಕೇಳದ ಜಾಗಕ್ಕೆ: ಹೊಳೆ ದಡ, ರೈಲು ಹಳಿ ಪಕ್ಕ, ಹೈಟೆನ್ಶನ್ ತಂತಿ ಕೆಳಗೆ.

ಕಿಬೇರಾ ಎಂಬ ಕೊಳೆಗೇರಿಯ ಕಥೆ ನೋಡಿ. ಬ್ರಿಟಿಷ್ ಸೈನ್ಯದಲ್ಲಿ ದುಡಿದ ಸುಡಾನಿ ಮೂಲದ ನೂಬಿಯನ್ ಸೈನಿಕರಿಗೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೊಟ್ಟ ಕಾಡು ಜಾಗ ಅದು. ಇರಲು ಬಿಟ್ಟರು, ಹಕ್ಕುಪತ್ರ ಕೊಡಲಿಲ್ಲ. ನೂಬಿಯನ್ ಸಮುದಾಯಕ್ಕೆ 288 ಎಕರೆಯ ಹಕ್ಕುಪತ್ರ ಸಿಕ್ಕಿದ್ದು 2017ರಲ್ಲಿ, ನೂರು ವರ್ಷ ದಾಟಿದ ಮೇಲೆ. ಅಷ್ಟರೊಳಗೆ ಸುತ್ತಲೂ ಸಾವಿರಾರು ತಗಡು ಮನೆ ಎದ್ದಿದ್ದವು. ನೆಲ ಸರ್ಕಾರದ್ದು. ಸರ್ಕಾರದ ಪರವಾಗಿ ಅಲ್ಲಿರುವ ಚೀಫ್ ಎಂಬ ಅಧಿಕಾರಿಗೆ ಕೈ ಬಿಸಿ ಮಾಡಿದರೆ ಬಾಯಿಮಾತಿನ ಅನುಮತಿ. ಷರತ್ತು ಒಂದೇ, ಕಾಯಂ ಕಟ್ಟಡ ಕಟ್ಟುವಂತಿಲ್ಲ. ಹತ್ತಡಿಗೆ ಹತ್ತಡಿ ಕೋಣೆ, ಮಣ್ಣಿನ ಗೋಡೆ ಅಥವಾ ಮಬಾಟಿ ತಗಡು. ಅಂಥ ಕೋಣೆಗಳನ್ನು ಸಾಲಾಗಿ ಹಾಕಿ ಬಾಡಿಗೆಗೆ ಬಿಡುವುದು ಒಳ್ಳೇ ವ್ಯಾಪಾರ. ಒಂದೆರಡು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಒಡೆಯರಲ್ಲಿ ಎಷ್ಟೋ ಮಂದಿ ಅಲ್ಲಿ ವಾಸವೇ ಇಲ್ಲ; ಸರ್ಕಾರಿ ನೌಕರರು, ರಾಜಕಾರಣಿಗಳೂ ಆ ಸಾಲಿನಲ್ಲಿದ್ದಾರೆ.

2004ರಲ್ಲಿ ವಿಶ್ವಬ್ಯಾಂಕ್ ನಡೆಸಿದ ಸಮೀಕ್ಷೆಯಲ್ಲಿ ನೈರೋಬಿ ಕೊಳೆಗೇರಿಗಳ ನೂರಕ್ಕೆ 92 ಮನೆಯವರು ಬಾಡಿಗೆದಾರರು ಎಂದು ಗೊತ್ತಾಯಿತು. ಇದನ್ನು ನೆನಪಿಡಿ. ನಮ್ಮಲ್ಲಿ ಕೊಳೆಗೇರಿ ಅಂದರೆ ಗುಡಿಸಲು ಹಾಕಿಕೊಂಡವರು, ಇಂದಲ್ಲ ನಾಳೆ ಹಕ್ಕುಪತ್ರ ಕೇಳುವವರು ಅಂತ ಅಂದುಕೊಳ್ಳುತ್ತೇವೆ. ನೈರೋಬಿಯಲ್ಲಿ ಹಾಗಲ್ಲ. ನೆಲ ಒಬ್ಬರದು, ತಗಡು ಇನ್ನೊಬ್ಬರದು, ಒಳಗಿರುವವನು ಮೂರನೆಯವನು. ಜೆಸಿಬಿ ಬಂದಾಗ ಬೀದಿಗೆ ಬರುವವನು ಆ ಮೂರನೆಯವನು.

ಹಾಂ, ಕಿಬೇರಾದಲ್ಲಿ ಹತ್ತು ಲಕ್ಷ ಜನ ಇದ್ದಾರೆ, ಅದು ಆಫ್ರಿಕಾದ ಅತಿದೊಡ್ಡ ಕೊಳೆಗೇರಿ ಅಂತ ಬಹಳ ಕಡೆ ಓದಿರುತ್ತೀರಿ. 2009ರ ಜನಗಣತಿ ಎಣಿಸಿದ್ದು 1 ಲಕ್ಷ 70 ಸಾವಿರ. ಗಣತಿಯಲ್ಲಿ ಒಂದಷ್ಟು ತಪ್ಪಿಹೋಗಿರಬಹುದು. ಆದರೂ ಲಕ್ಷಗಳ ವ್ಯತ್ಯಾಸ ಎಲ್ಲಿಂದ ಬಂತು? ದೊಡ್ಡ ಅಂಕಿ ಹೇಳಿದರೆ ದೇಣಿಗೆ ಸುಲಭವಾಗಿ ಬರುತ್ತದೆ, ಅಷ್ಟೇ.

ಮಹಡಿ ಮೇಲೆ ಮಹಡಿ

ಸರ್ಕಾರ ಏನೂ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. 1975ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ದಂಡೋರಾದಲ್ಲಿ ಸುಮಾರು 6,000 ಸೈಟು ಮಾಡಿದರು. ನೀರು, ಚರಂಡಿ, ಶೌಚಾಲಯದ ವ್ಯವಸ್ಥೆ ನಾವು ಮಾಡುತ್ತೇವೆ, ಮನೆ ನೀವು ಕಟ್ಟಿಕೊಳ್ಳಿ ಎಂಬ ಯೋಜನೆ. ಆದರೆ ಕಾಲ ಕಳೆದಂತೆ ಸೈಟುಗಳು ಕೈ ಬದಲಾದವು. ಒಂದಂತಸ್ತಿನ ಮನೆ ಜಾಗದಲ್ಲಿ ಬಾಡಿಗೆ ಮಹಡಿಗಳು ಎದ್ದವು. ಇವತ್ತು ಪೂರ್ವ ನೈರೋಬಿಯ ಹುರುಮಾ, ಪೈಪ್‌ಲೈನ್ ಕಡೆ ಹೋದರೆ ಏಳೆಂಟು ಅಂತಸ್ತಿನ ಕಟ್ಟಡಗಳು ಮೈಗೆ ಮೈ ತಾಗಿಸಿಕೊಂಡು ನಿಂತಿವೆ. ಒಂದೊಂದು ಮಹಡಿಗೆ ಹತ್ತಾರು ಒಂಟಿ ಕೋಣೆ, ಸಾಲಿನ ಕೊನೆಯಲ್ಲಿ ಎಲ್ಲರಿಗೂ ಸೇರಿ ಶೌಚಾಲಯ. ಕೆಳಗಿನ ಮಹಡಿಯವರಿಗೆ ಮಧ್ಯಾಹ್ನವೂ ಲೈಟ್ ಬೇಕು. 2016ರ ಏಪ್ರಿಲ್‌ನಲ್ಲಿ ಹುರುಮಾದಲ್ಲಿ ಹೊಳೆ ಪಕ್ಕದ ಆರಂತಸ್ತಿನ ಕಟ್ಟಡ ಮಳೆಗೆ ಕುಸಿದು ಸುಮಾರು ಐವತ್ತು ಜನ ಸತ್ತರು.

ಇದೇ ಊರಿನ ಗಿಗಿರಿಯಲ್ಲಿ, ಹಸಿರು ದಿಣ್ಣೆಯ ಮೇಲೆ, ವಿಶ್ವಸಂಸ್ಥೆಯ ಹ್ಯಾಬಿಟ್ಯಾಟ್ ಸಂಸ್ಥೆಯ ಮುಖ್ಯ ಕಚೇರಿ ಇದೆ. ಜಗತ್ತಿನ ಊರುಗಳು ಹೇಗಿರಬೇಕು ಎಂದು ಹೇಳುವ ಸಂಸ್ಥೆ! ಅಲ್ಲಿಂದ ಮಥಾರೆ ಕೆಲವೇ ಕಿಲೋಮೀಟರ್.

ನೀರಿನ ಕಥೆಯೂ ಇದೇ ಜಾಡಿನದು. ನೈರೋಬಿಯ ನೀರಿನ ದೊಡ್ಡ ಪಾಲು ಬರುವುದು ಮುರಾಂಗಾ ಜಿಲ್ಲೆಯ ಎನ್ದಕೈನಿ ಅಣೆಕಟ್ಟಿನಿಂದ. ಅದು ಮುಗಿದದ್ದು 1994ರಲ್ಲಿ. ಆಮೇಲೆ ಜನಸಂಖ್ಯೆ ಎರಡು ಪಟ್ಟು ದಾಟಿ ಹೋಯಿತು. ಹೊಳೆಗಳ ನೀರನ್ನು ಅಣೆಕಟ್ಟಿಗೆ ತಿರುಗಿಸುವ ಸುರಂಗಕ್ಕೆ ಚಾಲನೆ ಸಿಕ್ಕಿದ್ದು 2022ರಲ್ಲಿ. ಈಗಲೂ ಬಹಳ ಬಡಾವಣೆಗಳಿಗೆ ವಾರದಲ್ಲಿ ಕೆಲವೇ ದಿನ ನೀರು. ಕೊಳೆಗೇರಿಯಲ್ಲಿ ಇಪ್ಪತ್ತು ಲೀಟರಿನ ಹಳದಿ ಕ್ಯಾನ್ ಹಿಡಿದು ಸರದಿ ನಿಲ್ಲಬೇಕು. ಲೀಟರ್ ಲೆಕ್ಕ ಹಾಕಿದರೆ ಮನೆಗೆ ನಲ್ಲಿ ಇರುವ ಶ್ರೀಮಂತರಿಗಿಂತ ಈ ಬಡವರೇ ಜಾಸ್ತಿ ದುಡ್ಡು ಕೊಡುತ್ತಾರೆ.

ರಸ್ತೆಯ ಲೆಕ್ಕ ಇನ್ನೂ ವಿಚಿತ್ರ. 2022ರಲ್ಲಿ ಚೀನಾದ ಕಂಪನಿ ಕಟ್ಟಿದ 27 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಶುರುವಾಯಿತು. ಟೋಲ್ ಕಟ್ಟಿದರೆ ವಿಮಾನ ನಿಲ್ದಾಣದಿಂದ ವೆಸ್ಟ್‌ಲ್ಯಾಂಡ್ಸ್‌ಗೆ ಕೆಲವೇ ನಿಮಿಷ. ಆದರೆ ನೈರೋಬಿಯ ದಿನದ ಓಡಾಟದಲ್ಲಿ ಹತ್ತರಲ್ಲಿ ನಾಲ್ಕರಷ್ಟು ನಡಿಗೆಯದ್ದು. ಉಳಿದದ್ದರಲ್ಲಿ ಮಟಾಟುಗಳದ್ದೇ ದೊಡ್ಡ ಪಾಲು. ಮಟಾಟು ಅಂದರೆ ಖಾಸಗಿ ಮಿನಿಬಸ್ಸು: ಮೈತುಂಬಾ ಚಿತ್ರ, ಒಳಗೆ ಕಿವಿ ಹರಿಯುವ ಹಾಡು, ಬಾಗಿಲಲ್ಲಿ ನೇತಾಡುವ ಕಂಡಕ್ಟರ್. 1973ರಲ್ಲಿ ಅಧ್ಯಕ್ಷ ಜೊಮೊ ಕೆನ್ಯಾಟ್ಟಾ ಇವಕ್ಕೆ ಲೈಸೆನ್ಸ್ ಇಲ್ಲದೆಯೇ ಓಡಲು ಅನುಮತಿ ಕೊಟ್ಟರು. ಸರ್ಕಾರಕ್ಕೆ ಬಸ್ಸು ಕೊಳ್ಳುವ ಖರ್ಚು ಉಳಿಯಿತು, ಊರು ಹೇಗೋ ಓಡಿತು.

30 ಮೀಟರ್ ಯಾರಿಗೆ?

ಈಗ ಹೊಳೆ ದಡಕ್ಕೆ ವಾಪಸ್ ಬರೋಣ. ದಡ ಬಿಟ್ಟುಕೊಡಬೇಕು ಎಂಬುದರಲ್ಲಿ ತಪ್ಪಿಲ್ಲ. ಪ್ರವಾಹದ ಜಾಗದಲ್ಲಿ ಯಾರೂ ಮಲಗಬಾರದು. ಶ್ರೀಮಂತರನ್ನು ಮುಟ್ಟೇ ಇಲ್ಲ ಅನ್ನುವಂತೆಯೂ ಇಲ್ಲ. 2018ರಲ್ಲಿ ವೆಸ್ಟ್‌ಲ್ಯಾಂಡ್ಸ್‌ನ ಊಕೆ ಸೆಂಟರ್, ಲಾಂಗಾಟಾ ರಸ್ತೆಯ ಸೌತ್ ಎಂಡ್ ಮಾಲ್‌ಗಳನ್ನು ಹೊಳೆ ಒತ್ತುವರಿ ಎಂದು ಕೆಡವಿದರು. ಟಿವಿಯಲ್ಲಿ ನೇರ ಪ್ರಸಾರ, ಜನರ ಚಪ್ಪಾಳೆ. ಕೆಲ ತಿಂಗಳಲ್ಲಿ ಆ ಹುರುಪು ತಣ್ಣಗಾಯಿತು. ಕೋರ್ಟಿಗೆ ಹೋಗುವ ಶಕ್ತಿ ಇದ್ದವರು ಹೋದರು. ಮಥಾರೆಯ ಬಾಡಿಗೆದಾರನ ಹತ್ತಿರ ಕೋರ್ಟಿಗೆ ತೋರಿಸಲು ಒಂದು ರಸೀದಿಯೂ ಇಲ್ಲ. 2024ರಲ್ಲಿ ಮನೆ ಕಳೆದುಕೊಂಡವರಲ್ಲಿ ಎಷ್ಟೋ ಜನ ಸ್ವಲ್ಪ ದಿನದಲ್ಲೇ ಅದೇ ದಡಕ್ಕೆ ಮರಳಿ ಬಂದರು. ಕೆಲಸ ಅಲ್ಲಿ, ಮಕ್ಕಳ ಶಾಲೆ ಅಲ್ಲಿ, ಕೈಗೆಟಕುವ ಬಾಡಿಗೆ ಅಲ್ಲಿ.

ಬೇರೆ ದಾರಿಯೇ ಇರಲಿಲ್ಲವಾ? ಇತ್ತು. ಕೈಗಾರಿಕಾ ಪ್ರದೇಶದ ಪಕ್ಕದ ಮುಕುರುವಿನಲ್ಲಿ ಸುಮಾರು ಒಂದು ಲಕ್ಷ ಕುಟುಂಬಗಳಿವೆ. ನೆಲದ ಬಹುಪಾಲು ಕಾಗದದ ಮೇಲೆ ಖಾಸಗಿಯವರದ್ದು. ಕಾರ್ಖಾನೆ ಕಟ್ಟುತ್ತೇವೆಂದು ಹಿಂದೆ ಸರ್ಕಾರದಿಂದ ಗುತ್ತಿಗೆ ಪಡೆದು ಏನೂ ಕಟ್ಟದೆ ಬಿಟ್ಟವರು. ಉದ್ಯಾನ, ಕಾಡುಗಳನ್ನೇ ಬೇಕಾದವರಿಗೆ ಹಂಚುತ್ತಿದ್ದ ಕಾಲ ಅದು. ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ 1989ರಲ್ಲಿ ಊರ ನಡುವಿನ ಉಹುರು ಪಾರ್ಕ್ ಉಳಿಸಲು ಬೀದಿಗಿಳಿದದ್ದು ಅದೇ ಹೊತ್ತಲ್ಲಿ. 2017ರಲ್ಲಿ ಮುಕುರುವನ್ನು ವಿಶೇಷ ಯೋಜನಾ ಪ್ರದೇಶ ಎಂದು ಘೋಷಿಸಿದರು. ಕೊಳೆಗೇರಿ ನಿವಾಸಿಗಳ ಒಕ್ಕೂಟ ಮುಂಗಾನೊ ವಾ ವನವಿಜಿಜಿ, ವಿಶ್ವವಿದ್ಯಾಲಯಗಳು, ನಗರಾಡಳಿತ ಸೇರಿ ಮನೆ ಮನೆಗೆ ಹೋಗಿ ಕೂತು ನಕ್ಷೆ ಮಾಡಿದರು. ರಸ್ತೆ ಎಲ್ಲಿ ಹೋಗಬೇಕು, ಅದಕ್ಕೆ ಯಾರು ಎಷ್ಟು ಜಾಗ ಬಿಡಬೇಕು ಎಂಬುದು ಅಲ್ಲಿನವರ ಸಭೆಯಲ್ಲೇ ಚರ್ಚೆಯಾಯಿತು. ಒಂದಷ್ಟು ರಸ್ತೆ, ಆಸ್ಪತ್ರೆ, ಚರಂಡಿ ಬಂದೂ ಬಂದವು. ಆದರೆ 2021ರ ಅಕ್ಟೋಬರ್‌ನಲ್ಲಿ ಅದೇ ಮುಕುರುವಿನ ಒಂದು ಭಾಗಕ್ಕೆ ಸಂಪರ್ಕ ರಸ್ತೆಯ ಹೆಸರಲ್ಲಿ ಜೆಸಿಬಿ ಬಂತು. ಹತ್ತಾರು ಸಾವಿರ ಜನ ಬೀದಿಗೆ ಬಿದ್ದರು. ಒಂದು ಇಲಾಖೆ ನಕ್ಷೆ ಮಾಡುತ್ತಿತ್ತು, ಇನ್ನೊಂದು ಇಲಾಖೆ ಕೆಡವುತ್ತಿತ್ತು.

ಈಗ ಸರ್ಕಾರ ನಂಬಿರುವುದು ಫ್ಲ್ಯಾಟುಗಳನ್ನು. 2024ರ ಕಾಯ್ದೆಯಂತೆ ಪ್ರತಿ ನೌಕರನ ಸಂಬಳದಲ್ಲಿ ನೂರಕ್ಕೆ ಒಂದೂವರೆಯಷ್ಟು ವಸತಿ ಸುಂಕವಾಗಿ ಕಡಿತವಾಗುತ್ತದೆ, ಮಾಲೀಕನೂ ಅಷ್ಟೇ ಹಾಕಬೇಕು. ಆ ದುಡ್ಡಿನಲ್ಲಿ ಮುಕುರು ಪಕ್ಕದಲ್ಲೇ ಎದ್ದ ಹೊಸ ಫ್ಲ್ಯಾಟುಗಳ ಮೊದಲ ಕಂತನ್ನು 2025ರ ಮೇ ತಿಂಗಳಲ್ಲಿ ರೂಟೋ ಹಂಚಿದರು. ಅದಕ್ಕೆ ಎರಡು ತಿಂಗಳ ಮೊದಲು ಹೊಳೆ ಶುದ್ಧಿಯ ದೊಡ್ಡ ಯೋಜನೆಗೂ ಚಾಲನೆ ಕೊಟ್ಟಿದ್ದರು.

ಕೀಲಿ ಸಿಕ್ಕವರ ಖುಷಿ ಸುಳ್ಳಲ್ಲ. ಮನೆಯೊಳಗೇ ನಲ್ಲಿ, ಮನೆಯೊಳಗೇ ಶೌಚಾಲಯ. ಆದರೆ ಮುಂಗಡ ಕಟ್ಟಬೇಕು, ತಿಂಗಳ ಕಂತು ತಪ್ಪಬಾರದು. ದಿನಗೂಲಿಯವನಿಗೆ, ರಸ್ತೆ ಬದಿ ತರಕಾರಿ ಮಾರುವ ಮಾಮಾ ಎಂಬೋಗಾಗೆ ಸಂಬಳದ ಚೀಟಿಯೇ ಇಲ್ಲ. ಕಿಬೇರಾದಲ್ಲಿ ಇದನ್ನು ಮೊದಲೇ ನೋಡಿಯಾಗಿದೆ. 2016ರಲ್ಲಿ ಸೊವೆಟೊ ಈಸ್ಟ್ ಭಾಗದವರಿಗೆ 822 ಫ್ಲ್ಯಾಟ್ ಕೊಟ್ಟರು. ಕಂತು ಕಟ್ಟಲು ಹಲವರು ಒಂದು ಕೋಣೆಯನ್ನು ಬಾಡಿಗೆಗೆ ಬಿಟ್ಟರು. ಕೆಲವರು ಇಡೀ ಫ್ಲ್ಯಾಟನ್ನೇ ಬಿಟ್ಟು ತಗಡಿನ ಮನೆಗೆ ಮರಳಿದರು. ಮುಕುರುವಿನ ಹೊಸ ಫ್ಲ್ಯಾಟುಗಳಲ್ಲಿ ಎರಡು ಮೂರು ವರ್ಷದ ಮೇಲೆ ಯಾರು ಇರುತ್ತಾರೆ ಎಂದು ನೋಡಬೇಕು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಹೊಳೆ ಶುದ್ಧಿಗೆ ಮುಂದಿನ ಸಲ ದಡ ಖಾಲಿ ಮಾಡಿಸುವಾಗ ಪಟ್ಟಿಯಲ್ಲಿ ಯಾರ ಹೆಸರು ಬರೆದುಕೊಳ್ಳುತ್ತಾರೆ ಎಂಬುದು: ತಗಡಿನ ಒಡೆಯನದ್ದೋ, ಬಾಡಿಗೆದಾರನದ್ದೋ.